ಗೋಳಿಬಜೆ ಕುಡಿದ ಎಣ್ಣೆಗೆ ಲೆಕ್ಕ ಉಂಟಾ?

ಉಡುಪಿಯ ರಥಬೀದಿಯ ಹತ್ತಿರ ಯಾವುದಾದರೂ ಹೋಟೆಲಿನಲ್ಲಿ ಕೂತು, ಮೊಬೈಲಿನ ಕ್ಯಾಲೋರಿ ಆ್ಯಪ್ ತೆರೆದು ‘ಬನ್ಸ್’ ಅಂತ ಹುಡುಕಿ ನೋಡಿ. ಬರ್ಗರಿಗೆ ಹಾಕುವ ಬನ್ನು ಬರುತ್ತದೆ. ಬಾಳೆಹಣ್ಣು ಕಿವುಚಿ, ಮೈದಾ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ನಾದಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಎಣ್ಣೆಗೆ ಬಿಟ್ಟು ತೆಗೆದ ನಮ್ಮ ಬನ್ಸಿಗೂ ಅದಕ್ಕೂ ಹೆಸರು ಬಿಟ್ಟರೆ ಬೇರೆ ಸಂಬಂಧ ಇಲ್ಲ. ನೀರ್‌ದೋಸೆ ಹುಡುಕಿದರೆ ಇನ್ನೊಂದು ತಮಾಷೆ. ಒಂದೇ ದೋಸೆಗೆ ಮೂರು ಬಗೆಯ ಅಂಕಿ ಬರುತ್ತದೆ, ನಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಹಸಿವಾದವನು ಯಾವುದನ್ನು ಆರಿಸುತ್ತಾನೆ ಅಂತ ಹೇಳಬೇಕಾ?

ಮನೆಯಲ್ಲಾದರೆ ಲೆಕ್ಕ ಸುಲಭ. ಸಣ್ಣ ತಕ್ಕಡಿ ಉಂಟು, ಅಕ್ಕಿ ತೂಗುತ್ತೇನೆ, ಎಣ್ಣೆ ಚಮಚದಲ್ಲಿ ಅಳೆಯುತ್ತೇನೆ. ಹೋಟೆಲಿಗೆ ತಕ್ಕಡಿ ಹೊತ್ತುಕೊಂಡು ಹೋಗಲಿಕ್ಕೆ ಆಗುವುದಿಲ್ಲ. ಹಾಗಂತ ಹೋಟೆಲನ್ನೇ ಬಿಡುವುದಾದರೆ ಈ ಊರಿನಲ್ಲಿ ಇದ್ದು ಏನು ಪ್ರಯೋಜನ? ಸ್ವಲ್ಪ ಸಮಯ ಒದ್ದಾಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹೋಟೆಲಿನ ತಟ್ಟೆಯಲ್ಲಿ ನಮಗೆ ನಿಜವಾಗಿ ಗೊತ್ತಿಲ್ಲದ್ದು ಕೊಬ್ಬು ಎಷ್ಟು ಎನ್ನುವುದು ಮಾತ್ರ. ಎಣ್ಣೆ, ತುಪ್ಪ, ತೆಂಗಿನಕಾಯಿ, ಈ ಮೂರು. ಅಕ್ಕಿ, ಮೈದಾ, ಮೀನು ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಅಭ್ಯಾಸವಾದರೆ ಅಂದಾಜು ಹೆಚ್ಚು ತಪ್ಪುವುದಿಲ್ಲ.

ಮೊದಲು ಕ್ಯಾಲೋರಿ ಅಂದರೆ ಏನು ಅಂತ ನೋಡೋಣ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಾಖ. ಶಾಸ್ತ್ರದ ಪ್ರಕಾರ ಇದು ಕಿಲೋಕ್ಯಾಲೋರಿ, ಆಹಾರದ ವಿಷಯದಲ್ಲಿ ಎಲ್ಲರೂ ಸುಮ್ನೆ ಕ್ಯಾಲೋರಿ ಅನ್ನುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನ ವಿಜ್ಞಾನಿ ಬಗೆಬಗೆಯ ಆಹಾರವನ್ನು ಸುಟ್ಟು ಅಳೆದು, ದೇಹಕ್ಕೆ ದಕ್ಕದೆ ಹೊರಹೋಗುವುದನ್ನು ಕಳೆದು ಲೆಕ್ಕ ಕೊಟ್ಟ. ಇವತ್ತಿಗೂ ಪೊಟ್ಟಣದ ಮೇಲೆ ಅಚ್ಚಾಗುವ ಲೆಕ್ಕಕ್ಕೆ ಅದೇ ಬುನಾದಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಗೆ 4, ಪ್ರೋಟೀನಿಗೆ 4, ಕೊಬ್ಬಿಗೆ 9. ಮದ್ಯಸಾರಕ್ಕೆ 7. ನೀರಿಗೆ ಸೊನ್ನೆ.

ಈ ಸೊನ್ನೆಯನ್ನು ಮರೆಯಬೇಡಿ, ಮುಂದೆ ಕೋರಿರೊಟ್ಟಿಯ ಹತ್ತಿರ ಬೇಕಾಗುತ್ತದೆ.

ದೊಡ್ಡ ಸರಪಳಿ ಹೋಟೆಲುಗಳಲ್ಲಿ ಮೆನು ಪಕ್ಕದಲ್ಲೇ ಕ್ಯಾಲೋರಿ ಬರೆದಿರುವುದನ್ನು ನೀವು ನೋಡಿರಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮದ ಪ್ರಕಾರ, ಕೇಂದ್ರ ಲೈಸೆನ್ಸ್ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವ ಹೋಟೆಲುಗಳು ಅದನ್ನು ಬರೆಯಲೇಬೇಕು. ಹಾಗಾಗಿ ಮಂಗಳೂರಿನ ಮಾಲ್‌ನಲ್ಲಿ ಪಿಜ್ಜಾ ತಿನ್ನುವವರಿಗೆ ಅಂಕಿ ಸಿಗುತ್ತದೆ. ಒಂದೇ ಶಾಖೆಯ ಹಳೇ ಹೋಟೆಲಿನಲ್ಲಿ ಪತ್ರೊಡೆ ತಿನ್ನುವವರಿಗೆ ಸಿಗುವುದಿಲ್ಲ. ನಮಗೆ ನಾವೇ ಗತಿ.

ಬೆಳಗಿನ ತಿಂಡಿಯಿಂದ ಶುರುಮಾಡೋಣ. ಹಬೆಯಲ್ಲಿ ಬೆಂದದ್ದು ಎಲ್ಲಕ್ಕಿಂತ ಸುಲಭ. ಇಡ್ಲಿ, ಮೂಡೆ, ಹಲಸಿನ ಎಲೆಯ ಕೊಟ್ಟೆಕಡುಬು, ಪುಂಡಿ. ಇವುಗಳೊಳಗೆ ಅಕ್ಕಿ, ಉದ್ದು ಮತ್ತು ನೀರು, ಹೆಚ್ಚೆಂದರೆ ಪುಂಡಿಯಲ್ಲಿ ಒಂದಿಷ್ಟು ಕಾಯಿತುರಿ. ಹೋಟೆಲಿನ ಒಂದು ಇಡ್ಲಿಗೆ ಸುಮಾರು 70 ಅಂತ ಹಿಡಿಯಿರಿ, ಎರಡಕ್ಕೆ 140. ಲೆಕ್ಕ ತಪ್ಪುವುದು ಪಕ್ಕದ ಬಟ್ಟಲಲ್ಲಿ. ಹಸಿ ತೆಂಗಿನಕಾಯಿ 100 ಗ್ರಾಂಗೆ ಸುಮಾರು 350 ಕ್ಯಾಲೋರಿ, ಅದರಲ್ಲಿ ಬಹುಪಾಲು ಕೊಬ್ಬಿನಿಂದ ಬಂದದ್ದು. ಒಂದು ಸೌಟು ಗಟ್ಟಿ ಚಟ್ನಿಯಲ್ಲಿ 20 ಗ್ರಾಂ ಕಾಯಿ ಇದ್ದರೆ ಅಲ್ಲಿಗೆ 70 ಆಯಿತು. ಅಂದರೆ ಒಂದು ಸೌಟು ಚಟ್ನಿಗೂ ಒಂದು ಇಡ್ಲಿಗೂ ಸಮ. ನಮ್ಮ ಕಡೆ ಸಪ್ಲಾಯರ್ ಕೇಳದೇ ಎರಡನೇ ಸಲ, ಕೇಳಿದರೆ ಮೂರನೇ ಸಲ ಚಟ್ನಿ ಬಡಿಸುತ್ತಾರೆ. ಎರಡು ಇಡ್ಲಿ ತಿಂದೆ ಅಂತ ಬರೆದುಕೊಂಡವರು ಲೆಕ್ಕದಲ್ಲಿ ಐದು ಇಡ್ಲಿ ತಿಂದಿರುತ್ತಾರೆ. ಸಾಂಬಾರಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಅದರಲ್ಲಿ ನೀರೇ ಜಾಸ್ತಿ.

ನೀರ್‌ದೋಸೆ ಒಳ್ಳೇ ಹುಡುಗ. 100 ಗ್ರಾಂ ಒಣ ಅಕ್ಕಿಗೆ ಸುಮಾರು 350 ಕ್ಯಾಲೋರಿ. ಅದರಲ್ಲಿ ತೆಳ್ಳಗಿನ ಆರು ದೋಸೆ ಆದರೆ ಒಂದಕ್ಕೆ 60ರ ಹತ್ತಿರ. ಕಾವಲಿಗೆ ಸವರಿದ ಎಣ್ಣೆ ಬೇರೆ. ಒಮ್ಮೆ ಧೈರ್ಯ ಮಾಡಿ, “ಅಣ್ಣ, ಎಣ್ಣೆ ಇಲ್ಲದೆ ಹೊಯ್ದು ಕೊಡ್ತೀರಾ?” ಅಂತ ಕೇಳಿದ್ದೆ. “ಎಣ್ಣೆ ಹಾಕದಿದ್ರೆ ಕಾವಲಿಯಿಂದ ಏಳುದಿಲ್ಲ ಮಾರಾಯ್ರೆ” ಅಂದರು. ಅವರು ಹೇಳಿದ್ದು ಸರಿಯೇ. ದೋಸೆಗೆ ಅರ್ಧ ಚಮಚ, ಅಂದರೆ 20 ಕ್ಯಾಲೋರಿ ಸೇರಿಸಿ ಮುಂದೆ ಹೋಗಿ. ಮಸಾಲೆದೋಸೆಯ ಕತೆ ಬೇರೆ. ಅದು ಕೆಂಪಗೆ ಗರಿಗರಿ ಆಗುವುದೇ ಮೇಲಿಂದ ಬಿಟ್ಟ ಎಣ್ಣೆ ಅಥವಾ ಬೆಣ್ಣೆಯಿಂದ. ಹಿಟ್ಟಿಗೆ 220 ರಿಂದ 240, ಬಟಾಟೆ ಪಲ್ಯಕ್ಕೆ 100, ಎರಡು ಮೂರು ಚಮಚ ಎಣ್ಣೆಗೆ 80 ರಿಂದ 120. ಚಟ್ನಿ ಮುಟ್ಟುವ ಮೊದಲೇ 400 ದಾಟುತ್ತದೆ. ಚಮಚ ಅಂದರೆ ಇಲ್ಲಿ 5 ಮಿಲಿಲೀಟರಿನ ಚಹಾ ಚಮಚ, ಅದರಲ್ಲಿ ಹಿಡಿಯುವ ಎಣ್ಣೆ 4.5 ಗ್ರಾಂ, ಕ್ಯಾಲೋರಿ 40. ಈ 40 ಬಾಯಿಪಾಠ ಮಾಡಿಕೊಳ್ಳಿ. ಊಟದ ದೊಡ್ಡ ಚಮಚವಾದರೆ ಮೂರರಷ್ಟು, 120.

ಯಾವ ಎಣ್ಣೆ ಅನ್ನುವುದರಿಂದ ವ್ಯತ್ಯಾಸವಾಗುವುದಿಲ್ಲ. “ನಾವು ತೆಂಗಿನೆಣ್ಣೆಯಲ್ಲೇ ಕಾಯಿಸುವುದು” ಅಂತ ಹೇಳಿದಾಗ ಗಿರಾಕಿಯ ಮುಖದಲ್ಲಿ ಒಂದು ಸಮಾಧಾನ ಮೂಡುತ್ತದೆ. ರುಚಿಗೆ ನಾನೂ ಅದರ ಪಕ್ಷವೇ. ಆದರೆ ಕ್ಯಾಲೋರಿ ಪುಸ್ತಕದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಪಾಮೆಣ್ಣೆ ಎಲ್ಲವೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಈಗ ಗೋಳಿಬಜೆಗೆ ಬರೋಣ. ಸಂಜೆ ನಾಲ್ಕು ಗಂಟೆಗೆ ಜಡಿಮಳೆ ಹೊಡೆಯುವಾಗ ಬಿಸಿ ಗೋಳಿಬಜೆ ಬೇಡ ಅನ್ನುವವರನ್ನು ನಾನು ನಂಬುವುದಿಲ್ಲ. ಆದರೆ ಅದು ಎಷ್ಟು ಎಣ್ಣೆ ಕುಡಿದಿದೆ? ಇಲ್ಲಿ ಎಲ್ಲರೂ ಅಂದುಕೊಳ್ಳುವುದಕ್ಕಿಂತ ಸ್ವಲ್ಪ ಬೇರೆಯದೇ ಕೆಲಸ ನಡೆಯುತ್ತದೆ.

ಹಿಟ್ಟಿನಲ್ಲಿ ತುಂಬ ನೀರಿದೆ. ಚೆನ್ನಾಗಿ ಕಾದ ಎಣ್ಣೆ 170–180 ಡಿಗ್ರಿ ಇರುತ್ತದೆ. ಹಿಟ್ಟು ಬಿದ್ದ ತಕ್ಷಣ ಅದರ ನೀರು ಹಬೆಯಾಗಿ ಹೊರಗೆ ನುಗ್ಗುತ್ತದೆ. ಸುತ್ತ ಬುಳುಬುಳು ಅಂತ ಗುಳ್ಳೆ ಏಳುವುದು ಅದೇ. ಹಬೆ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ಹೆಚ್ಚು ದಾರಿ ಸಿಗುವುದಿಲ್ಲ. ಬಾಣಲೆಯಿಂದ ಎತ್ತಿದ ಮೇಲೆ ಆಟ ತಿರುಗುತ್ತದೆ. ಬಜೆ ತಣಿಯುತ್ತಾ ಬಂದಂತೆ ಒಳಗಿನ ಹಬೆ ಮತ್ತೆ ನೀರಾಗುತ್ತದೆ, ಸಣ್ಣ ಸಣ್ಣ ತೂತುಗಳಲ್ಲಿ ಒತ್ತಡ ಇಳಿಯುತ್ತದೆ, ಮೈಗೆ ಅಂಟಿಕೊಂಡಿದ್ದ ಎಣ್ಣೆಯನ್ನು ಅವು ಒಳಗೆ ಎಳೆದುಕೊಳ್ಳುತ್ತವೆ. ಬಜೆ ಎಣ್ಣೆ ಕುಡಿಯುವುದರಲ್ಲಿ ದೊಡ್ಡ ಪಾಲು ನಡೆಯುವುದು ಬಾಣಲೆಯ ಹೊರಗೆ, ಎತ್ತಿದ ಮೊದಲ ಒಂದೆರಡು ನಿಮಿಷದಲ್ಲಿ.

ಆದ್ದರಿಂದ ಬಜೆ ಕಾಯಿಸುವವರ ಕೈ ನೋಡಿ. ತೂತಿನ ಸೌಟಿನಲ್ಲಿ ಎತ್ತಿ, ಬಾಣಲೆಯ ಮೇಲೆಯೇ ಹಿಡಿದು, ಬಿಸಿ ಇರುವಾಗಲೇ ಎರಡು ಮೂರು ಸಲ ಚೆನ್ನಾಗಿ ಕೊಡವುವವರ ಬಜೆ ಹಗುರ. ಎತ್ತಿ ನೇರ ಪಾತ್ರೆಗೆ ಸುರಿದು ಒಂದರ ಮೇಲೊಂದು ರಾಶಿ ಹಾಕಿದರೆ ಕೆಳಗಿನವು ಎಣ್ಣೆಯಲ್ಲೇ ಕೂತಿರುತ್ತವೆ. ಎಣ್ಣೆ ಸರಿಯಾಗಿ ಕಾಯದೇ ಇದ್ದರೂ ತೊಂದರೆಯೇ. ಹೊರಗಿನ ಚಿಪ್ಪು ಬೇಗ ಗಟ್ಟಿಯಾಗುವುದಿಲ್ಲ, ಬಜೆ ಜಾಸ್ತಿ ಹೊತ್ತು ಮುಳುಗಿರುತ್ತದೆ. ಕಾಯಿಸಿ ಕಾಯಿಸಿ ಕಪ್ಪಾದ ಎಣ್ಣೆ ದಪ್ಪಗಾಗಿ ಮೈಗೆ ಹೆಚ್ಚು ಅಂಟುತ್ತದೆ. ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಒಂದು ದೊಡ್ಡ ಉಂಡೆಯ ಮೈಗಿಂತ ಅಷ್ಟೇ ಹಿಟ್ಟಿನ ನಾಲ್ಕು ಸಣ್ಣ ಉಂಡೆಗಳ ಮೈ ಜಾಸ್ತಿ, ಎಣ್ಣೆ ಅಂಟಲು ಅಷ್ಟು ಜಾಗ ಜಾಸ್ತಿ.

ಮನೆಯಲ್ಲಿ ಇದನ್ನು ಅಳೆಯಬಹುದು. ಕಾಯಿಸುವ ಮೊದಲು ಎಣ್ಣೆ ತೂಗಿ, ಎಲ್ಲ ಮುಗಿದು ತಣಿದ ಮೇಲೆ ಉಳಿದದ್ದನ್ನು ತೂಗಿ, ಕಳೆಯಿರಿ. ಬಜೆಯ ಲೆಕ್ಕದಿಂದ ಭಾಗಿಸಿ. ನಾನು ಮಾಡಿದಾಗ, ಅವಸರದಲ್ಲಿ ಎಣ್ಣೆ ಕಾಯುವ ಮೊದಲೇ ಬಿಟ್ಟ ಮೊದಲ ಒಬ್ಬೆ ಎರಡನೆಯದಕ್ಕಿಂತ ಜಾಸ್ತಿ ಕುಡಿದಿತ್ತು. ಅತ್ತೆ ಅದನ್ನು ತಕ್ಕಡಿ ಇಲ್ಲದೆಯೇ ಹೇಳಿದ್ದರು, ಕೈಯಲ್ಲಿ ಹಿಡಿದು ನೋಡಿ.

ಹೋಟೆಲಿನ ಒಂದು ಪ್ಲೇಟಿಗೆ ನಾನು ಹಿಡಿಯುವ ಅಂದಾಜು ಹೀಗೆ: 55 ಗ್ರಾಂ ಮೈದಾಕ್ಕೆ 200 ಹತ್ತಿರ, ಕುಡಿದ ಎಣ್ಣೆ ಮೂರು ಚಮಚಕ್ಕೆ 120, ಚಟ್ನಿಗೆ 50. ಒಟ್ಟು 370. ಬನ್ಸಿಗೂ ಇದೇ ದಾರಿ. ಒಂದು ಬನ್ಸಿನಲ್ಲಿ 40 ಗ್ರಾಂ ಮೈದಾ, ಒಂದು ತುಂಡು ಬಾಳೆಹಣ್ಣು, ಒಂದೂವರೆ ಚಮಚ ಸಕ್ಕರೆ, ಒಂದೂವರೆ ಎರಡು ಚಮಚ ಎಣ್ಣೆ. 250 ಆಸುಪಾಸು. ಪ್ಲೇಟಿಗೆ ಎರಡು ಕೊಡುತ್ತಾರಲ್ಲ, 500. ಹಾಗಾಗಿ ಒಂದೇ ತಿಂದು ಇನ್ನೊಂದನ್ನು ಪಾರ್ಸೆಲ್ ಮಾಡಿಸುವುದನ್ನು ಕಲಿತಿದ್ದೇನೆ. ಬನ್ಸು ಮರುದಿನಕ್ಕೂ ಚೆನ್ನಾಗಿಯೇ ಇರುತ್ತದೆ, ಗೋಳಿಬಜೆಗೆ ಆ ಗುಣ ಇಲ್ಲ.

ಮಧ್ಯಾಹ್ನಕ್ಕೆ ಮೀನಿನ ಊಟ. ಇದಕ್ಕೆ ಹೆದರುವವರು ಸುಮ್ನೆ ಹೆದರುತ್ತಾರೆ. ಕಾಣೆ, ಅಂಜಲದಂಥ ಮೀನಿಗೆ 100 ಗ್ರಾಂಗೆ 100 ಕ್ಯಾಲೋರಿ ಅಂತ ಹಿಡಿದರೆ ಸಾಕು, ಬಹುಪಾಲು ಪ್ರೋಟೀನು. ಬಂಗುಡೆ, ಬೂತಾಯಿಯಲ್ಲಿ ಅದರದ್ದೇ ಕೊಬ್ಬು ಇರುತ್ತದೆ, ಅದೂ ಋತುವಿಗೆ ತಕ್ಕ ಹಾಗೆ ಏರಿಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಬೂತಾಯಿ ಕೊಬ್ಬಿದೆ ಅಂತ ಮೀನಿನವರು ಹೇಳುವುದು ಕೇಳಿರಬಹುದು. ಫ್ರೈ ಬೇಕೆಂದರೆ ತವಾ ಫ್ರೈಯೋ ರವಾ ಫ್ರೈಯೋ ಎನ್ನುವ ಪ್ರಶ್ನೆ ಬರುತ್ತದೆ. ರವೆ ತಾನೇ 50 ಕ್ಯಾಲೋರಿ ತರುತ್ತದೆ, ಜೊತೆಗೆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತವಾ ಫ್ರೈಯಲ್ಲಿ ಮಸಾಲೆ ಎಣ್ಣೆ ಹೀರುತ್ತದೆ, ಆದರೂ ಸ್ವಲ್ಪ ಕಮ್ಮಿ. ಪುಳಿಮುಂಚಿಯಲ್ಲಿ ಹುಳಿ, ಮೆಣಸು, ನೀರು, ಎಣ್ಣೆ ಒಂದಿಷ್ಟು. ಲೆಕ್ಕದವರಿಗೆ ಮೆನುವಿನಲ್ಲಿ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಗಸಿಯಲ್ಲಿ ಕಾಯಿ ಇದೆ. ಮಧ್ಯಮ ಗಾತ್ರದ ಒಂದು ಇಡೀ ತೆಂಗಿನಕಾಯಿಯ ತಿರುಳಿಗೆ 1000 ಕ್ಯಾಲೋರಿ ಹತ್ತಿರ ಬರುತ್ತದೆ. ಆ ಕಾಯಿ ಎಷ್ಟು ಜನರಿಗೆ ಹಂಚಿಹೋಯಿತು ಅನ್ನುವುದರ ಮೇಲೆ ನಿಮ್ಮ ಬಟ್ಟಲಿನ ಭಾರ.

ಕುಚ್ಚಲಕ್ಕಿ ಅನ್ನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. “ಬೆಳ್ತಿಗೆ ಬೇಡ, ಕುಚ್ಚಲಕ್ಕಿ ಹಾಕಿ, ಕ್ಯಾಲೋರಿ ಕಮ್ಮಿ” ಅನ್ನುತ್ತಾರೆ. ಒಣ ಅಕ್ಕಿಯಲ್ಲಿ ಎರಡಕ್ಕೂ ಹೆಚ್ಚು ಕಮ್ಮಿ ಒಂದೇ, 350. ಅಗಿಯುವುದು ಜಾಸ್ತಿ, ಹೊಟ್ಟೆ ತುಂಬಿದಂತೆ ಅನಿಸುವುದು ಬೇಗ, ಅದು ಬೇರೆ ಲಾಭ. ಗಂಜಿ ಹಗುರ ಅನ್ನುವುದು ಮಾತ್ರ ನಿಜ, ಕಾರಣ ಆ ಸೊನ್ನೆಯ ನೀರು. 300 ಗ್ರಾಂ ಅನ್ನದಲ್ಲಿ 350 ಇದ್ದರೆ 300 ಗ್ರಾಂ ತೆಳು ಗಂಜಿಯಲ್ಲಿ ಅದರ ಅರ್ಧವೂ ಇರುವುದಿಲ್ಲ.

ಕೋರಿರೊಟ್ಟಿಯಲ್ಲಿ ಇದೇ ನೀರು ಉಲ್ಟಾ ಹೊಡೆಯುತ್ತದೆ. ರೊಟ್ಟಿ ನೋಡಲು ಕಾಗದದ ಹಾಗೆ, ಮುಟ್ಟಿದರೆ ಮುರಿಯುತ್ತದೆ, ಹಗುರ ಅನಿಸುತ್ತದೆ. ಆದರೆ ಕುಚ್ಚಲಕ್ಕಿ ಅರೆದು ಹೊಯ್ದು ಕಾವಲಿಯಲ್ಲೇ ಒಣಗಿಸಿದ್ದರಿಂದ ಅದರಲ್ಲಿ ನೀರೇ ಇಲ್ಲ. ಉಳಿದದ್ದು ಅಪ್ಪಟ ಅಕ್ಕಿ, 100 ಗ್ರಾಂಗೆ 350ಕ್ಕೂ ಮೇಲೆ. ಅಷ್ಟೇ ತೂಕದ ಅನ್ನಕ್ಕೆ ಹೋಲಿಸಿದರೆ ಮೂರು ಪಟ್ಟು. ಇನ್ನೊಂದು ಸಂಗತಿಯೂ ಉಂಟು. ನೀರ್‌ದೋಸೆಯ ಜೊತೆ ಕೋರಿಗಸಿ ತಿಂದರೆ ಸ್ವಲ್ಪ ಗಸಿ ತಟ್ಟೆಯಲ್ಲಿ ಉಳಿಯುತ್ತದೆ. ರೊಟ್ಟಿ ಹಾಗೆ ಬಿಡುವುದಿಲ್ಲ. ಮುರಿದು ಹಾಕಿ, ಗಸಿ ಹೊಯ್ದು, ಮೆತ್ತಗಾದ ಮೇಲೆ ತಿನ್ನುವುದರಿಂದ ಕಾಯಿಹಾಲು, ಕೋಳಿಯ ಕೊಬ್ಬು ಎಲ್ಲ ರೊಟ್ಟಿಯೊಳಗೆ ಸೇರಿ ಹೊಟ್ಟೆಗೆ ಹೋಗುತ್ತದೆ. “ಇನ್ನು ಸ್ವಲ್ಪ ಗಸಿ ಹಾಕಿ” ಅಂತ ಕೇಳುವುದೂ ಈ ಊಟದಲ್ಲೇ. ಮೂರು ನಾಲ್ಕು ರೊಟ್ಟಿಯ ಪೂರ್ತಿ ಊಟವನ್ನು ನಾನು 800ಕ್ಕಿಂತ ಕಮ್ಮಿ ಬರೆದುಕೊಳ್ಳುವುದಿಲ್ಲ. ಆ ದಿನ ರಾತ್ರಿ ಗಂಜಿ, ಚಟ್ನಿಯ ಬದಲು ಉಪ್ಪಿನಕಾಯಿ.

ಘೀ ರೋಸ್ಟ್ ಬಗ್ಗೆ ಎರಡೇ ಮಾತು. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಹೆಸರಿನ ಜೊತೆ ಬೆಳೆದ ಈ ಅಡುಗೆಯ ಹೆಸರಲ್ಲೇ ತುಪ್ಪ ಇದೆ, ಬೇರೆ ಎಚ್ಚರಿಕೆ ಬೇಡ. ಒಂದು ಪ್ಲೇಟಿಗೆ 40 ಗ್ರಾಂ ತುಪ್ಪ ಬಿದ್ದಿದ್ದರೆ ಅಷ್ಟಕ್ಕೇ 350ರ ಹತ್ತಿರ. ಆದರೆ ಇಲ್ಲಿ ಒಂದು ಅನುಕೂಲವೂ ಇದೆ, ತುಪ್ಪ ಬಿಟ್ಟುಕೊಂಡು ತಟ್ಟೆಯ ತಳದಲ್ಲಿ ಕೆಂಪಗೆ ನಿಲ್ಲುತ್ತದೆ. ತುಂಡುಗಳನ್ನು ಮೇಲೆತ್ತಿ ತಿಂದರೆ ಒಂದು ಪಾಲು ಅಲ್ಲೇ ಉಳಿಯಿತು. ಕೊನೆಗೆ ನೀರ್‌ದೋಸೆಯಲ್ಲಿ ತಟ್ಟೆ ಒರೆಸಿದರೆ ಉಳಿಸಿದ್ದೆಲ್ಲ ವಾಪಸ್. ನಾನು ಒರೆಸುವ ಜಾತಿಯವಳು.

ಮೇಲೆ ಐಸ್‌ಕ್ರೀಮ್. ಉಡುಪಿಯ ಡಯಾನಾ ಹೋಟೆಲಿನ ಹೆಸರು ಹೇಳದೆ ಗಡ್‌ಬಡ್ ಬಗ್ಗೆ ಬರೆಯುವ ಹಾಗಿಲ್ಲ. ಮಂಗಳೂರಿನಲ್ಲಿ 1975ರಲ್ಲಿ ಶುರುವಾದ ಐಡಿಯಲ್‌ನವರ ಅಭಿಮಾನಿಗಳು ಬೇರೆಯೇ ಇದ್ದಾರೆ. ಉದ್ದ ಗ್ಲಾಸಿನಲ್ಲಿ ಮೂರು ಬಗೆಯ ಐಸ್‌ಕ್ರೀಮ್, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ. ಐಸ್‌ಕ್ರೀಮಿಗೆ 100 ಗ್ರಾಂಗೆ 200ರಂತೆ, ಒಂದು ಗ್ಲಾಸಿಗೆ 500 ಎಂದರೆ ಅತಿ ಆಗಲಿಕ್ಕಿಲ್ಲ. ಎರಡು ಚಮಚ ಕೇಳಿದರೆ ಕೊಡುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕಾಫಿ, ಚಾ: ಸಕ್ಕರೆ ಸೇರಿ ಒಂದು ಲೋಟಕ್ಕೆ 80. ದಿನಕ್ಕೆ ನಾಲ್ಕಾದರೆ ಒಂದು ಊಟ. ಅಷ್ಟೇ.

ಇಷ್ಟೆಲ್ಲ ಅಂಕಿಯನ್ನು ಯಾವುದರ ಎದುರು ಇಡುವುದು? ಮೆನು ಕಾರ್ಡಿನ ಕೆಳಗೆ 2000 ಅಂತ ಬರೆದಿರುತ್ತದೆ, ಅದು ಸರಾಸರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಕೂತು ಕೆಲಸ ಮಾಡುವ 65 ಕಿಲೋದ ಗಂಡಸಿಗೆ ದಿನಕ್ಕೆ 2110, 55 ಕಿಲೋದ ಹೆಂಗಸಿಗೆ 1660. ಗಂಡ ಹೆಂಡತಿ ಇಬ್ಬರೂ ಹೋಟೆಲಿನಲ್ಲಿ ಒಂದೇ ಊಟ ಹೇಳುತ್ತಾರೆ, ಇಬ್ಬರಿಗೂ ಒಂದೇ ಗಾತ್ರದ ತಟ್ಟೆ ಬರುತ್ತದೆ. 450 ಕ್ಯಾಲೋರಿಯ ಈ ಅಂತರವನ್ನು ಯಾವ ಸಪ್ಲಾಯರೂ ಬಲ್ಲವನಲ್ಲ. “ನಾನೂ ಅವರಷ್ಟೇ ತಿನ್ನುತ್ತೇನೆ, ನನಗೆ ಮಾತ್ರ ಯಾಕೆ?” ಅಂತ ಬೇಸರಪಡುವ ಹೆಂಗಸರಿಗೆ ಉತ್ತರ ಬಹುಪಾಲು ಇಲ್ಲೇ ಉಂಟು. ಸಕ್ಕರೆ ಕಾಯಿಲೆ ಇದ್ದವರು, ಗರ್ಭಿಣಿಯರು, ಊಟದ ವಿಷಯದಲ್ಲಿ ಮನಸ್ಸು ಸುಲಭವಾಗಿ ಕದಡುವವರು ಇಂಥ ಲೆಕ್ಕ ಶುರುಮಾಡುವ ಮೊದಲು ಡಾಕ್ಟರ ಹತ್ತಿರ ಮಾತಾಡುವುದು ಒಳ್ಳೆಯದು.

ನಾನು ಮಾಡುವುದು ಇಷ್ಟು. ಹೋಟೆಲಿನ ಊಟವನ್ನು ಕಣ್ಣಂದಾಜಿನಲ್ಲಿ ಬರೆದು, ಅದರ ಮೇಲೆ ಎರಡು ಚಮಚ ಎಣ್ಣೆ, 80 ಕ್ಯಾಲೋರಿ, ‘ಕಾಣದ್ದು’ ಅಂತ ಸೇರಿಸುತ್ತೇನೆ. ಕರಿದದ್ದಾದರೆ ಮೂರು ಚಮಚ. ದಿನದ ಲೆಕ್ಕ ಸರಿಹೋಗದಿದ್ದರೆ ವಾರದ ಲೆಕ್ಕ ನೋಡುತ್ತೇನೆ. ಮದುವೆ ಊಟ, ಕೋಲದ ಮರುದಿನದ ಊಟ, ತವರಿನ ಊಟಕ್ಕೆ ಅಂದಾಜೂ ಮಾಡುವುದಿಲ್ಲ, 1000 ಅಂತ ಬರೆದು ಆ್ಯಪ್ ಮುಚ್ಚುತ್ತೇನೆ.

ಮರುದಿನ ಬೆಳಿಗ್ಗೆ ತೂಕದ ಯಂತ್ರ ಹತ್ತಿದರೆ ಒಂದು ಕಿಲೋ ಏರಿರುತ್ತದೆ. ಆಗ ತುಂಬ ಜನ ಕೈಚೆಲ್ಲುತ್ತಾರೆ. ಒಂದು ಕಿಲೋ ಮೈಕೊಬ್ಬು ಸೇರಬೇಕಾದರೆ ಸುಮಾರು 7700 ಕ್ಯಾಲೋರಿ ಬೇಕು, ಅದೂ ದಿನದ ಖರ್ಚಿನ ಮೇಲೆ. ಬನ್ಸಿನ ಲೆಕ್ಕದಲ್ಲಿ 30ಕ್ಕೂ ಮೇಲೆ. ಯಾರು ತಿಂದಾರು? ಹೋಟೆಲಿನ ಅಡುಗೆಗೆ ಉಪ್ಪು ಜಾಸ್ತಿ, ಉಪ್ಪು ನೀರನ್ನು ಹಿಡಿದಿಡುತ್ತದೆ. ಜಾಸ್ತಿ ತಿಂದ ಅನ್ನ, ರೊಟ್ಟಿಯ ಒಂದು ಪಾಲು ಗ್ಲೈಕೋಜನ್ ಆಗಿ ಮಾಂಸಖಂಡ, ಯಕೃತ್ತಿನಲ್ಲಿ ಕೂರುವಾಗ ತನ್ನ ತೂಕದ ಮೂರು ಪಟ್ಟು ನೀರನ್ನೂ ಜೊತೆಗೆ ಕೂರಿಸಿಕೊಳ್ಳುತ್ತದೆ. ನಿನ್ನೆಯ ಊಟವೂ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ. ಮಾಮೂಲಿ ಮನೆಯೂಟಕ್ಕೆ ಮರಳಿ, ಮೂರು ನಾಲ್ಕು ದಿನ ಬಿಟ್ಟು ಯಂತ್ರ ಹತ್ತಿ ನೋಡಿ. ನಿಜವಾಗಿ ಏರಿದೆಯೋ ಇಲ್ಲವೋ ಅನ್ನುವುದು ಆಗ ಗೊತ್ತಾಗುತ್ತದೆ.